ಸಣ್ಣ ಊರಲ್ಲಿ ಕರೆಂಟು-ನೀರು ಎಲ್ಲಾ ಸೇರಿ ಅಪಾರ್ಟ್‌ಮೆಂಟ್ ಬಾಡಿಗೆಗೆ ತಗೊಳ್ಳೋದು ಹೇಗೆ: ಹುಡುಕೋದ್ರಿಂದ ಅಡ್ವಾನ್ಸ್ ವಾಪಸ್ ಬರೋವರೆಗೆ

ಕರೆಂಟು, ನೀರು, ಇಂಟರ್‌ನೆಟ್ಟು, ಮೇಂಟೆನೆನ್ಸು ಎಲ್ಲಾ ಬಾಡಿಗೆಯಲ್ಲೇ ಸೇರಿದೆ, ತಿಂಗಳಿಗೆ ಒಂದ್ಸಲ ದುಡ್ಡು ಕೊಟ್ರೆ ಮುಗೀತು ಅಂದ್ರೆ ಯಾರಿಗಾದ್ರೂ ಇಷ್ಟ ಆಗತ್ತೆ, ಮತ್ತೆ ನಿಜವಾಗ್ಲೂ ಒಳ್ಳೇ ವ್ಯವಸ್ಥೆನೇ ಅದು, ಅದ್ರಲ್ಲೂ ಕೆಲಸಕ್ಕೋ ಓದೋಕೋ ಒಂದು ವರ್ಷದ ಮಟ್ಟಿಗೆ ಹೊಸ ಊರಿಗೆ ಹೋಗೋರಿಗೆ, ಒಬ್ರೇ ಇರೋರಿಗೆ, ಕನೆಕ್ಷನ್ ಹೆಸರು ಬದಲಾಯಿಸ್ಕೊಳ್ಳೋಕೆ ಆಫೀಸಿಂದ ಆಫೀಸಿಗೆ ಅಲೆಯೋಕೆ ಟೈಮ್ ಇಲ್ದೋರಿಗೆ. ಆದ್ರೆ ಈ ಥರದ ಬಾಡಿಗೆಯಲ್ಲಿ ಜಗಳ ಹುಟ್ಟೋದು ಬಹುತೇಕ ಒಂದೇ ಕಡೆಯಿಂದ. ಎಲ್ಲಾ ಸೇರಿ ಅಂತ ಬಾಯಲ್ಲಿ ಹೇಳಿರ್ತಾರೆ, ಎಷ್ಟರವರೆಗೆ ಸೇರಿ ಅಂತ ಎಲ್ಲೂ ಬರ್ದಿರಲ್ಲ. ಏನೇನು ಸೇರಿದೆ, ಎಷ್ಟರವರೆಗೆ ಸೇರಿದೆ, ಅಳೆಯೋದು ಯಾವ ಮೀಟರ್ ಮೇಲೆ, ಸಪ್ಲೈ ನಿಂತ್ರೆ ಯಾರು ನೋಡ್ಕೋಬೇಕು, ಈ ನಾಲ್ಕಕ್ಕೆ ಉತ್ತರ ಪೇಪರ್ ಮೇಲೆ ಇದ್ರೆ ಉಳಿದಿದ್ದು ಹೇಗೋ ನಡೆಯತ್ತೆ. ಆ ಉತ್ತರ ಪಡೆಯೋದು ಹೇಗೆ ಅಂತ ಶುರುವಿಂದ ಕೊನೆವರೆಗೂ ಇಲ್ಲಿ ಬರೀತೀನಿ.

1. ಮನೆ ನೋಡೋಕೆ ಮುಂಚೆ ನಿಮ್ಮ ಬಳಕೆ ಎಷ್ಟು ಅಂತ ತಿಳ್ಕೊಳ್ಳಿ

ಈಗಿರೋ ಮನೆಯ ಹಳೇ ಕರೆಂಟ್ ಬಿಲ್ ಸಿಕ್ಕಿದ್ರೆ ಒಂದು ವರ್ಷದ್ದು ತೆಗೆದು ನೋಡಿ. ಎಷ್ಟು ದುಡ್ಡು ಕಟ್ಟಿದ್ರಿ ಅನ್ನೋದು ಇಲ್ಲಿ ಬೇಡ, ಎಷ್ಟು ಯೂನಿಟ್ ಅಂತ ಬರ್ಕೊಳ್ಳಿ, ಯಾಕಂದ್ರೆ ರೇಟ್ ಊರಿಂದ ಊರಿಗೆ ಬದಲಾಗತ್ತೆ, ಯೂನಿಟ್ ಬದಲಾಗಲ್ಲ. ಒಂದು ಯೂನಿಟ್ ಅಂದ್ರೆ 1000 ವ್ಯಾಟಿನ ಒಂದು ಸಾಮಾನು ಒಂದು ಗಂಟೆ ಓಡೋದು, ಅಷ್ಟೇ.

ಬಿಲ್ ಇಲ್ಲ ಅಂದ್ರೆ ಅಂದಾಜು ಹಾಕಿ. 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ ತಿನ್ನೋಕೆ ನೂರು ಗಂಟೆ ಮೇಲೆ ಉರೀಬೇಕು, ಅದಕ್ಕೆಲ್ಲ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ. ಹಳೇ ಥರದ 75 ವ್ಯಾಟಿನ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದ್ರೆ ತಿಂಗಳಿಗೆ ಇಪ್ಪತ್ತೆರಡು ಇಪ್ಪತ್ಮೂರು ಯೂನಿಟ್. ಬಿಲ್ ಏರಿಸೋದು ಬಿಸಿ ಮಾಡೋ ಮತ್ತೆ ತಣ್ಣಗೆ ಮಾಡೋ ಸಾಮಾನುಗಳು. 2000 ವ್ಯಾಟಿನ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್, ಇಂಡಕ್ಷನ್ ಸ್ಟೋವ್ ಫುಲ್ ಇಟ್ರೆ ಅದೂ ಅಷ್ಟೇ, ಒಂದೂವರೆ ಟನ್ ಎಸಿ ಕಂಪ್ರೆಸರ್ ಓಡ್ತಿರೋ ಪ್ರತಿ ಗಂಟೆಗೂ ಸುಮಾರು ಒಂದೂವರೆ ಯೂನಿಟ್. ಚಳಿ ಊರಾಗಿದ್ದು 2000 ವ್ಯಾಟಿನ ರೂಮ್ ಹೀಟರ್ ದಿನಾ 5 ಗಂಟೆ ಹಾಕಿದ್ರೆ ಅದೊಂದ್ರಿಂದಲೇ ತಿಂಗಳಿಗೆ 300 ಯೂನಿಟ್ ಆಗತ್ತೆ. ನಿಮ್ಮ ಹತ್ರ ಇದ್ರಲ್ಲಿ ಯಾವ್ಯಾವುದು ಇದೆ, ಮನೆಯಿಂದಲೇ ಕೆಲಸ ಮಾಡ್ತೀರೋ ಇಲ್ಲ ಬೆಳಿಗ್ಗೆ ಹೋಗಿ ರಾತ್ರಿ ಬರ್ತೀರೋ, ಇಷ್ಟು ನೋಡ್ಕೊಂಡು ತಿಂಗಳಿಗೆ ಇಷ್ಟು ಯೂನಿಟ್ ಬೇಕು ಅಂತ ಒಂದು ನಂಬರ್ ಕೈಯಲ್ಲಿ ಇಟ್ಕೊಳ್ಳಿ. ಮುಂದೆ ಓನರ್ ಜೊತೆ ಮಾತಾಡೋವಾಗ ಈ ನಂಬರ್ ತುಂಬಾ ಕೆಲಸಕ್ಕೆ ಬರತ್ತೆ.

2. ಹುಡುಕೋದು

ಸಣ್ಣ ಊರಲ್ಲಿ ಖಾಲಿ ಇರೋ ಅಪಾರ್ಟ್‌ಮೆಂಟ್ ಎಲ್ಲವೂ ಆನ್‌ಲೈನ್‌ಗೆ ಬರಲ್ಲ. ಎಷ್ಟೋ ಮನೆ ಬಾಯಿಂದ ಬಾಯಿಗೆ ಹೋಗಿ ಹಾಗೇ ತುಂಬಿಬಿಡತ್ತೆ. ಅದಕ್ಕೇ ಆ್ಯಪ್‌ಗಳನ್ನ ನೋಡ್ತಾನೇ ಎರಡು ಮೂರು ದಿನ ಅಲ್ಲೇ ಎಲ್ಲಾದ್ರೂ ಉಳ್ಕೊಂಡು ಬೀದಿ ಬೀದಿ ಸುತ್ತೋದು ಒಳ್ಳೇದು, ಗೇಟಿಗೆ ಹಾಕಿರೋ ‘ಬಾಡಿಗೆಗೆ ಇದೆ’ ಬೋರ್ಡ್ ನೋಡೋದು, ಸೇರೋ ಆಫೀಸಲ್ಲಿ ಕೆಲಸ ಮಾಡೋರನ್ನ ಕೇಳೋದು, ಊರಿನ ಕಾಲೇಜು ಆಸ್ಪತ್ರೆ ಹತ್ರ ವಿಚಾರಿಸೋದು, ಯಾಕಂದ್ರೆ ಅಲ್ಲಿಗೆ ಹೊರಗಿನಿಂದ ಬರೋ ನರ್ಸ್‌ಗಳು, ಟೀಚರ್‌ಗಳೇ ಇಂಥ ಎಲ್ಲಾ ಸೇರಿರೋ ಮನೆಗಳಲ್ಲಿ ಜಾಸ್ತಿ ಇರೋದು.

ಮನೆ ಕಡಿಮೆ ಇರೋ ಊರಲ್ಲಿ ಹೋಲಿಸಿ ನೋಡೋಕೆ ಆಯ್ಕೆಗಳೂ ಕಡಿಮೆ, ಅದಕ್ಕೆ ಮೊದಲ ಮನೆಗೇ ಕೈ ಹಾಕೋ ಮನಸ್ಸು ಬರತ್ತೆ. ಕನಿಷ್ಠ ಒಂದಾದ್ರೂ ಬರೀ ಬಾಡಿಗೆ ಇರೋ, ಅಂದ್ರೆ ಬಿಲ್‌ಗಳು ಬೇರೆ ಇರೋ ಮನೆಯ ರೇಟ್ ಕೇಳಿಟ್ಕೊಳ್ಳಿ, ಅದೇ ಸೈಜಿಂದು, ಅದೇ ಏರಿಯಾದ್ದು. ನಿಮಗೆ ಆ ಮನೆ ಬೇಡದೇ ಇದ್ರೂ ಪರವಾಗಿಲ್ಲ, ಲೆಕ್ಕ ಹಾಕೋಕೆ ಬೇಕು.

ಮನೆ ನೋಡೋಕೂ ಮುಂಚೆ ಟೋಕನ್ ಅಡ್ವಾನ್ಸ್ ಕಳ್ಸಿ, ಇನ್ನೊಬ್ರು ಕಾಯ್ತಾ ಇದಾರೆ ಅಂತ ಯಾರಾದ್ರೂ ಅವಸರ ಮಾಡಿದ್ರೆ ಕಳಿಸ್ಬೇಡಿ. ಫೋಟೋ ನೋಡಿ ದುಡ್ಡು ಹಾಕೋದು ಯಾವ ಊರಲ್ಲೂ ಸರಿಯಲ್ಲ.

3. ಫೋನಲ್ಲೇ ಕೇಳಿ ಮುಗಿಸ್ಬೇಕಾದ ಪ್ರಶ್ನೆಗಳು

ಮನೆ ನೋಡೋಕೆ ಹೋಗೋ ಮುಂಚೆ ಫೋನಲ್ಲೇ ಕೇಳಿ. ಏನೇನು ಸೇರಿದೆ ಅಂತ ಒಂದೊಂದಾಗಿ ಹೆಸರು ಹಿಡಿದು ಕೇಳ್ಬೇಕು: ಕರೆಂಟು ಸೇರಿದ್ಯಾ, ಕುಡಿಯೋ ನೀರು ಬೇರೆನಾ ಬಳಸೋ ನೀರು ಬೇರೆನಾ, ಗ್ಯಾಸು, ಬಿಸಿನೀರು, ಇಂಟರ್‌ನೆಟ್ಟು, ಕಸ ತಗೊಂಡು ಹೋಗೋರ ದುಡ್ಡು, ಮೆಟ್ಟಿಲು ಲೈಟು, ಲಿಫ್ಟ್ ಇದ್ರೆ ಅದರ ಖರ್ಚು, ಪಾರ್ಕಿಂಗು, ಕರೆಂಟ್ ಹೋದಾಗ ಜನರೇಟರ್ ಅಥವಾ ಯುಪಿಎಸ್. ಒಂದೊಂದಕ್ಕೂ ಹೌದು ಇಲ್ಲ ಅಂತ ಬರ್ಕೊಳ್ಳಿ. ಎಲ್ಲಾ ಸೇರಿ ಅಂತ ಹೇಳಿರೋ ಓನರ್‌ಗೂ ಈ ಲಿಸ್ಟ್ ಓದಿದಾಗ ಎರಡು ಮೂರು ಕಡೆ ‘ಅದು ಬೇರೆ’ ಅಂತ ನೆನಪಾಗತ್ತೆ, ಅವರು ಮೋಸ ಮಾಡ್ತಿದಾರೆ ಅಂತೇನಿಲ್ಲ, ಯಾರೂ ಕೇಳಿರಲ್ಲ ಅಷ್ಟೇ.

ಆಮೇಲೆ ಮಿತಿ. ‘ಕರೆಂಟ್‌ಗೆ ತಿಂಗಳಿಗೆ ಎಷ್ಟು ಯೂನಿಟ್‌ವರೆಗೆ ಸರ್, ಅದು ದಾಟಿದ್ರೆ ಯೂನಿಟ್‌ಗೆ ಎಷ್ಟು?’ ಇದನ್ನ ನೇರವಾಗಿ ಕೇಳಿ. ‘ಅದೆಲ್ಲಾ ಏನಿಲ್ಲ, ನಾರ್ಮಲ್ ಆಗಿ ಬಳಸಿದ್ರೆ ಸಾಕು’ ಅಂದ್ರೆ ನಾರ್ಮಲ್ ಅಂದ್ರೆ ಎಷ್ಟು ಅಂತ ಇನ್ನೊಂದ್ಸಲ ಕೇಳಿ, ಬೇಜಾರು ಮಾಡ್ಕೊಳ್ಳಲ್ಲ. ನಿಮ್ಮ ಯೂನಿಟ್ ನಂಬರ್ ಹೇಳಿ, ‘ನಮ್ಮದು ಸುಮಾರು ಇಷ್ಟು ಬರತ್ತೆ, ಇದು ನಿಮಗೆ ಓಕೆನಾ’ ಅಂತ ಕೇಳಿದ್ರೆ ಮಾತು ಬೇಗ ಸ್ಪಷ್ಟ ಆಗತ್ತೆ.

4. ಮನೆಗೆ ಹೋದ್ಮೇಲೆ ಮೀಟರ್ ಬೋರ್ಡ್ ಹತ್ರ ಹೋಗಿ

ಹೆಚ್ಚಿನವರು ಬಾಲ್ಕನಿ, ಕಿಚನ್ ನೋಡಿ ವಾಪಸ್ ಬರ್ತಾರೆ. ಎಲ್ಲಾ ಸೇರಿರೋ ಮನೆಯಲ್ಲಿ ಅರ್ಧ ಗಂಟೆ ಮೀಟರ್ ಹತ್ರ ಕಳೆದ್ರೆ ಆಮೇಲೆ ವರ್ಷವಿಡೀ ನೆಮ್ಮದಿ.

ಮೊದಲು ಕೇಳ್ಬೇಕಾಗಿರೋದು ಈ ಮನೆಗೆ ಸಪ್ಲೈ ಕಂಪನಿಯ ಸ್ವಂತ ಮೀಟರ್ ಇದ್ಯಾ, ಇಲ್ಲ ಬಿಲ್ಡಿಂಗಿಗೆಲ್ಲಾ ಒಂದೇ ಮೀಟರ್ ಇದ್ದು ನಿಮಗೆ ಓನರ್ ಹಾಕ್ಸಿರೋ ಸಬ್ ಮೀಟರ್ ಇದ್ಯಾ, ಅಥವಾ ಎರಡೂ ಇಲ್ದೆ ಬಿಲ್ಲನ್ನ ಮನೆಗಳ ಲೆಕ್ಕದಲ್ಲಿ ಹಂಚ್ತಾರಾ ಅಂತ. ಸ್ವಂತ ಮೀಟರ್ ಇದ್ರೆ ಬಹಳ ಒಳ್ಳೇದು. ಸಬ್ ಮೀಟರ್ ಇದ್ರೂ ನಡೆಯತ್ತೆ. ಏನೂ ಇಲ್ದೆ ಮಿತಿ ಮಾತ್ರ ಇದೆ ಅಂದ್ರೆ ಅದನ್ನ ಒಪ್ಕೋಬೇಡಿ, ಅಳೆಯೋಕೇ ಆಗದ ಮಿತಿ ದಾಟಿದ್ರಿ ಅಂತ ಯಾವ ತಿಂಗಳು ಬೇಕಾದ್ರೂ ಹೇಳಬಹುದು.

ಇಲ್ಲೊಂದು ವಿಷಯ ಗಮನಿಸ್ಬೇಕು. ಎಷ್ಟೋ ಕಡೆ ಕರೆಂಟ್ ರೇಟ್ ಸ್ಲ್ಯಾಬ್ ಥರ ಇರತ್ತೆ, ಜಾಸ್ತಿ ಬಳಸ್ತಾ ಹೋದಂತೆ ಯೂನಿಟ್ ರೇಟೂ ಏರತ್ತೆ. ನಾಲ್ಕು ಮನೆ ತಲಾ 100 ಯೂನಿಟ್ ಬಳಸಿ, ನಾಲ್ಕಕ್ಕೂ ಒಂದೇ ಮೀಟರ್ ಇದ್ರೆ ಬಿಲ್ಲು 400 ಯೂನಿಟ್‌ದು ಬರತ್ತೆ, ಆಗ ಮೇಲಿನ ಸ್ಲ್ಯಾಬ್ ರೇಟ್ ಬೀಳತ್ತೆ. ನೀವು ಬಳಸಿದ್ದು ಕಡಿಮೆನೇ, ಆದ್ರೂ ಯೂನಿಟ್‌ಗೆ ಕೊಡೋದು ಜಾಸ್ತಿ. ಓನರ್‌ದು ತಪ್ಪಿಲ್ಲ ಇದ್ರಲ್ಲಿ, ವ್ಯವಸ್ಥೆನೇ ಹಾಗೆ, ಆದ್ರೆ ಮಿತಿ ದಾಟಿದ್ರೆ ಯಾವ ರೇಟು ಅಂತ ಮಾತಾಡೋವಾಗ ಇದು ಗೊತ್ತಿದ್ರೆ ಕಳೆದ ತಿಂಗಳ ನಿಜವಾದ ಬಿಲ್ ತೋರ್ಸಿ ಅಂತ ಕೇಳೋಕೆ ನಿಮಗೊಂದು ಕಾರಣ ಇರತ್ತೆ.

ಈಗ ಮೀಟರ್ ಪರೀಕ್ಷೆ. ಡಿಜಿಟಲ್ ಮೀಟರ್ ಮುಖದ ಮೇಲೆ ಒಂದು ಸಣ್ಣ ಕೆಂಪು ಲೈಟ್ ಮಿಟುಕ್ತಾ ಇರತ್ತೆ, ಪಕ್ಕದಲ್ಲಿ 1600 ಅಥವಾ 3200 ಥರ ಒಂದು ನಂಬರ್ ಬರ್ದಿರತ್ತೆ, ಒಂದು ಯೂನಿಟ್ ಆಗೋಷ್ಟರಲ್ಲಿ ಆ ಲೈಟು ಅಷ್ಟು ಸಲ ಮಿಟುಕತ್ತೆ ಅಂತ ಅರ್ಥ. ಮನೆಯ ಮೇನ್ ಸ್ವಿಚ್ ಪೂರ್ತಿ ಆಫ್ ಮಾಡ್ಸಿ, ಎರಡು ನಿಮಿಷ ಲೈಟನ್ನೇ ನೋಡಿ. ಮಿಟುಕೋದು ನಿಲ್ಬೇಕು, ಕೆಲವು ಮೀಟರ್‌ಗಳಲ್ಲಿ ಲೈಟು ಹಾಗೇ ಸ್ಥಿರವಾಗಿ ಉರೀತಾ ಇರತ್ತೆ, ಅದೂ ಸರಿನೇ. ಮೇನ್ ಆಫ್ ಇದ್ರೂ ಮಿಟುಕ್ತಾನೇ ಇದ್ರೆ ನಿಮ್ಮ ಮೀಟರ್ ಮೇಲೆ ಇನ್ಯಾರದೋ ಲೋಡ್ ಇದೆ, ನೀರಿನ ಮೋಟರ್ರೋ, ಮೆಟ್ಟಿಲು ಲೈಟೋ, ಪಕ್ಕದ ರೂಮೋ. ಒಂದು ಎಚ್‌ಪಿ ಮೋಟರ್ ಅಂದ್ರೆ 746 ವ್ಯಾಟ್, ದಿನಕ್ಕೆ ಎರಡು ಗಂಟೆ ಓಡಿದ್ರೂ ತಿಂಗಳಿಗೆ ನಲವತ್ತೈದು ಯೂನಿಟ್ ಹತ್ರ ಹೋಗತ್ತೆ, ಅದೆಲ್ಲಾ ನಿಮ್ಮ ಮಿತಿಯಲ್ಲೇ ಕಳೆಯತ್ತೆ.

ಆಮೇಲೆ ಮೇನ್ ಆನ್ ಮಾಡಿ, 2000 ವ್ಯಾಟಿನ ಗೀಸರ್ ಒಂದನ್ನೇ ಹಾಕಿ, ಬೇರೆ ಎಲ್ಲಾ ಆಫ್ ಇರ್ಲಿ. 3200 ಬರ್ದಿರೋ ಮೀಟರ್ ಆದ್ರೆ ನಿಮಿಷಕ್ಕೆ ಸುಮಾರು 107 ಸಲ ಮಿಟುಕ್ಬೇಕು, 1600 ಆದ್ರೆ 53 ಸಲ. ಎಣಿಸೋಕೆ ಕಷ್ಟ ಆದ್ರೆ ಫೋನಲ್ಲಿ ವಿಡಿಯೋ ಮಾಡ್ಕೊಂಡು ಸ್ಲೋ ಮಾಡಿ ನೋಡಿ. ವೋಲ್ಟೇಜ್ ಕಡಿಮೆ ಇದ್ರೆ ಗೀಸರ್ ಎಳೆಯೋದೂ ಕಡಿಮೆ, ಹಾಗಾಗಿ ಐದೋ ಹತ್ತೋ ಆಚೆ ಈಚೆ ಆದ್ರೆ ತಲೆ ಕೆಡಿಸ್ಕೋಬೇಡಿ, ಆದ್ರೆ 107 ಬರ್ಬೇಕಾದ ಕಡೆ 150 ಬಂದ್ರೆ ಸಬ್ ಮೀಟರ್ ಜೋರಾಗಿ ಓಡ್ತಾ ಇದೆ, ಬದಲಾಯಿಸಿ ಅಂತ ಕೇಳೋದು ನ್ಯಾಯ.

ಹಾಗೇ ಬೋರ್ಡಿನ ಎಂಸಿಬಿ, ಅಂದ್ರೆ ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು, ಅದರ ಮೇಲೆ ಎಷ್ಟು ಆಂಪ್ಸ್ ಬರ್ದಿದೆ ನೋಡಿ. 230 ವೋಲ್ಟ್ ಸಪ್ಲೈ ಇರೋ ಕಡೆ 2000 ವ್ಯಾಟಿನ ಒಂದು ಸಾಮಾನು ಸುಮಾರು 8.7 ಆಂಪ್ಸ್ ಎಳೆಯತ್ತೆ. ಮನೆಗೆಲ್ಲಾ 16 ಆಂಪ್ಸ್ ಕೊಟ್ಟಿದ್ರೆ ಗೀಸರ್ ಮತ್ತೆ ಇಂಡಕ್ಷನ್ ಒಟ್ಟಿಗೆ ಹಾಕೋ ಹಾಗಿಲ್ಲ, ಬೆಳಿಗ್ಗೆ ಅವಸರದಲ್ಲಿ ಟ್ರಿಪ್ ಆಗ್ತಾನೇ ಇರತ್ತೆ. ಎಂಸಿಬಿ ಬೋರ್ಡು ಮನೆ ಒಳಗಿದ್ಯಾ ಅಥವಾ ಓನರ್ ಬೀಗ ಹಾಕೋ ರೂಮಲ್ಲಿದ್ಯಾ ಅಂತಾನೂ ಕೇಳಿ, ರಾತ್ರಿ ಹನ್ನೊಂದಕ್ಕೆ ಟ್ರಿಪ್ ಆದ್ರೆ ಯಾರನ್ನ ಎಬ್ಬಿಸ್ಬೇಕು ಅನ್ನೋದು ಈಗಲೇ ಗೊತ್ತಿರ್ಲಿ.

5. ನೀರು

ಸಣ್ಣ ಊರುಗಳಲ್ಲಿ ನೀರು ಎಲ್ಲಿಂದ ಬರತ್ತೆ ಅನ್ನೋದು ದೊಡ್ಡ ಪ್ರಶ್ನೆ. ಊರಿನ ಪೈಪ್‌ಲೈನ್ ನೀರಾ, ಬೋರಾ, ಟ್ಯಾಂಕರ್ರಾ? ಬೋರ್ ಆದ್ರೆ ಬೇಸಿಗೆಯಲ್ಲಿ ಹೇಗೆ ಅಂತ ಪಕ್ಕದ ಮನೆಯವರನ್ನ ಕೇಳಿ, ಓನರ್‌ನ ಕೇಳೋದಕ್ಕಿಂತ ಅದು ಒಳ್ಳೇದು. ಪೈಪ್‌ಲೈನ್ ಆದ್ರೆ ವಾರಕ್ಕೆ ಎಷ್ಟು ಸಲ ಬಿಡ್ತಾರೆ, ಮಧ್ಯದ ದಿನಗಳಿಗೆ ಸಂಪ್ ಎಷ್ಟು ದೊಡ್ಡದು. ಒಬ್ಬರಿಗೆ ದಿನಕ್ಕೆ 100ರಿಂದ 150 ಲೀಟರ್ ಬೇಕಾಗತ್ತೆ ಅಂತ ಇಟ್ಕೊಂಡ್ರೆ 1000 ಲೀಟರ್ ಟ್ಯಾಂಕನ್ನ ಒಂಬತ್ತು ಜನ ಹಂಚ್ಕೊಳ್ತಾ ಇದ್ರೆ ಅದು ದಿನಾ ತುಂಬಲೇಬೇಕು, ಮೋಟರ್ ಹಾಕೋರು ಊರಿಗೆ ಹೋದ ದಿನ ಎಲ್ಲರ ನಲ್ಲಿಯೂ ಬತ್ತತ್ತೆ. ಟ್ಯಾಂಕರ್ ತರಿಸ್ಬೇಕಾಗಿ ಬಂದ್ರೆ ಆ ಖರ್ಚು ಬಾಡಿಗೆಯಲ್ಲಿ ಸೇರಿದ್ಯಾ ಅಂತ ಕೇಳೋದು ಮರೀಬೇಡಿ, ‘ನೀರು ಸೇರಿದೆ’ ಅಂತ ಹೇಳಿದೋರೂ ಟ್ಯಾಂಕರ್ ವಿಷಯಕ್ಕೆ ಬಂದಾಗ ಹಂಚ್ಕೊಳ್ಳೋಣ ಅಂತಾರೆ.

10 ಲೀಟರ್ ಬಕೆಟನ್ನ ನಲ್ಲಿ ಕೆಳಗಿಟ್ಟು ನಲ್ಲಿ ಪೂರ್ತಿ ತಿರುಗ್ಸಿ. ಒಂದು ನಿಮಿಷದ ಆಸುಪಾಸಲ್ಲಿ ತುಂಬಿದ್ರೆ ಚೆನ್ನಾಗಿದೆ, ಎರಡು ನಿಮಿಷ ದಾಟಿದ್ರೆ ಶವರ್ ಮರ್ತುಬಿಡಿ. ಟ್ಯಾಂಕಿಗೂ ನಲ್ಲಿಗೂ ಮಧ್ಯೆ ಇರೋ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಪ್ರೆಷರ್ ಸಿಗೋದು, ಹಾಗಾಗಿ ಟ್ಯಾಂಕ್ ಕೆಳಗೇ ಇರೋ ಟಾಪ್ ಫ್ಲೋರ್‌ಗೆ ಪ್ರೆಷರ್ ಎಲ್ಲರಿಗಿಂತ ಕಡಿಮೆ, ಪಂಪ್ ಇಲ್ದೆ ಅದು ಸರಿಹೋಗಲ್ಲ.

ನೀರಿಗೂ ಮೀಟರ್ ಇದ್ದು ಮಿತಿ ಇದ್ರೆ ಸೋರಿಕೆ ನೋಡ್ಲೇಬೇಕು. ಸೆಕೆಂಡಿಗೆ ಒಂದು ಹನಿ ಬೀಳೋ ನಲ್ಲಿಯಿಂದ ದಿನಕ್ಕೆ 15ರಿಂದ 20 ಲೀಟರ್ ಹೋಗತ್ತೆ. ಕಮೋಡ್ ಸೋರೋದು ಇನ್ನೂ ಕೆಟ್ಟದ್ದು, ಯಾಕಂದ್ರೆ ಸದ್ದೇ ಬರಲ್ಲ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ ಹದಿನೈದು ಇಪ್ಪತ್ತು ನಿಮಿಷ ಫ್ಲಶ್ ಮಾಡದೆ ಬಿಡಿ, ಕೆಳಗೆ ಬಣ್ಣ ಇಳಿದಿದ್ರೆ ಸೋರ್ತಾ ಇದೆ. ಇದನ್ನ ಮನೆಗೆ ಬರೋ ಮುಂಚೆನೇ ಓನರ್ ಖರ್ಚಲ್ಲಿ ಸರಿ ಮಾಡ್ಸಿ.

ಒಳಚರಂಡಿ ಇಲ್ದಿರೋ ಊರಾದ್ರೆ ಪಿಟ್ ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡ್ಸ್ತಾರೆ, ಆ ದುಡ್ಡು ಯಾರದು ಅಂತಾನೂ ಕೇಳ್ಬೇಕು.

6. ಗ್ಯಾಸು, ಬಿಸಿನೀರು, ಹೀಟಿಂಗು

ಇಲ್ಲಿ ದುಡ್ಡಿಗಿಂತ ಜೀವದ ವಿಷಯ ಮೊದಲು. ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗೇ ಇದ್ದು, ಕಿಟಕಿ ಸರಿಯಾಗಿ ಇಲ್ದಿದ್ರೆ ಆ ಮನೆ ಬೇಡ, ಅಥವಾ ಗೀಸರ್ ಹೊರಗೆ ಹಾಕಿಸಿದ್ಮೇಲೆ ಮಾತ್ರ ಸೇರ್ಕೊಳ್ಳಿ. ಗ್ಯಾಸು ಪೂರ್ತಿ ಉರಿಯದೇ ಇದ್ದಾಗ ಬರೋ ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆನೋವು ತಲೆಸುತ್ತು ಅನ್ನೋಷ್ಟರಲ್ಲಿ ಬಿದ್ದುಹೋಗಿರ್ತಾರೆ. ಜ್ವಾಲೆ ನೀಲಿ ಇರ್ಬೇಕು, ಹಳದಿ ಬರ್ತಾ ಇದ್ರೆ ಸರ್ವಿಸ್ ಆಗ್ಬೇಕು ಅಂತ ಅರ್ಥ. ಚಳಿ ದೇಶಗಳಲ್ಲಿ ಗ್ಯಾಸೋ ಎಣ್ಣೆಯೋ ಉರಿಸೋ ಹೀಟಿಂಗ್ ಇರೋ ಮನೆ ಆದ್ರೆ ಕಾರ್ಬನ್ ಮೋನಾಕ್ಸೈಡ್ ಅಲಾರಂ ಇದ್ಯಾ, ಕೊನೆ ಸರ್ವಿಸ್ ಯಾವಾಗ ಆಗಿದ್ದು ಅಂತ ಕೇಳಿ. ಅಲಾರಂ ಇಲ್ದಿದ್ರೆ ನೀವೇ ಕೊಂಡು ಹಾಕಿ, ಈ ಒಂದು ವಿಷಯದಲ್ಲಿ ಯಾರ ಖರ್ಚು ಅಂತ ವಾದ ಮಾಡ್ತಾ ಕೂರ್ಬೇಡಿ.

ಹೀಟಿಂಗ್ ಬಾಡಿಗೆಯಲ್ಲಿ ಸೇರಿದ್ರೆ ಕಂಟ್ರೋಲ್ ಯಾರ ಕೈಯಲ್ಲಿ ಅಂತ ನೋಡಿ. ದುಡ್ಡು ಓನರ್ ಕಟ್ಟೋದು ಅಂದ್ಮೇಲೆ ಟೆಂಪರೇಚರ್ ಕಡಿಮೆ ಇಡೋ ಆಸೆ ಅವರಿಗೆ ಸಹಜ, ಥರ್ಮೋಸ್ಟ್ಯಾಟ್ ಅವರ ಮನೆಯಲ್ಲಿದ್ರೆ ನೀವು ಸ್ವೆಟರ್ ಹಾಕ್ಕೊಂಡು ಕೂರ್ಬೇಕಾಗತ್ತೆ. ಹಗಲು ಎಷ್ಟು ಡಿಗ್ರಿ, ರಾತ್ರಿ ಎಷ್ಟು ಡಿಗ್ರಿ ಇರತ್ತೆ ಅಂತ ಅಗ್ರಿಮೆಂಟಲ್ಲಿ ಬರೆಸ್ಕೊಳ್ಳಿ. ಬಿಸಿನೀರು ಟೈಮ್ ಪ್ರಕಾರ ಬರೋ ಬಿಲ್ಡಿಂಗ್ ಆದ್ರೂ ಇದೇ ಮಾತು, ನಿಮ್ಮ ಶಿಫ್ಟಿಗೂ ಆ ಟೈಮಿಗೂ ಹೊಂದ್ಬೇಕು.

ಗಡಸು ನೀರಿನ ಊರಾದ್ರೆ ಗೀಸರ್ ಒಳಗಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ನೀರು ಕಾಯೋಕೆ ಜಾಸ್ತಿ ಹೊತ್ತು ಹಿಡಿಯತ್ತೆ. 15 ಲೀಟರ್ ನೀರನ್ನ 20 ಡಿಗ್ರಿಯಿಂದ 60 ಡಿಗ್ರಿಗೆ ಏರ್ಸೋಕೆ ಬೇಕಾಗೋದು ಸುಮಾರು 0.7 ಯೂನಿಟ್, 2000 ವ್ಯಾಟಿನ ಗೀಸರ್‌ಗೆ ಇಪ್ಪತ್ತು ಇಪ್ಪತ್ತೈದು ನಿಮಿಷದ ಕೆಲಸ. ಮುಕ್ಕಾಲು ಗಂಟೆ ಆದ್ರೂ ಕಟ್ ಆಫ್ ಆಗಲ್ಲ ಅಂದ್ರೆ ಒಳಗೆ ಏನೋ ತೊಂದ್ರೆ ಇದೆ.

7. ಇಂಟರ್‌ನೆಟ್

ಫೋನಲ್ಲಿ ಸ್ಪೀಡ್ ಟೆಸ್ಟ್ ಹಾಕಿ, ಬೆಡ್‌ರೂಮಲ್ಲೂ ಹಾಕಿ, ಸಾಧ್ಯ ಆದ್ರೆ ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಹಾಕಿ, ಆಗ್ಲೇ ಎಲ್ಲರೂ ಬಳಸೋದು. ಒಂದು ಒಳ್ಳೇ ಕ್ವಾಲಿಟಿಯ ವಿಡಿಯೋ ಕಾಲ್‌ಗೆ ಅಪ್‌ಲೋಡೂ 3-4 ಎಂಬಿಪಿಎಸ್ ಬೇಕು. ಒಂದೇ ರೌಟರ್ ಎಷ್ಟು ಮನೆಗೆ ಹಂಚಿದಾರೆ ಕೇಳಿ. ಮನೆಯಿಂದ ಕೆಲಸ ಮಾಡೋರು ಇಂಟರ್‌ನೆಟ್ ಮಾತ್ರ ನಿಮ್ಮ ಹೆಸರಲ್ಲೇ ಬೇರೆ ಹಾಕಿಸ್ಕೊಳ್ಳೋದು ವಾಸಿ, ಅಷ್ಟನ್ನ ಬಾಡಿಗೆಯಲ್ಲಿ ಕಡಿಮೆ ಮಾಡಿ ಅಂತ ಕೇಳಬಹುದು.

8. ಲೆಕ್ಕ: ನಿಜವಾಗ್ಲೂ ಲಾಭ ಇದ್ಯಾ

ಬರೀ ಬಾಡಿಗೆ 100 ಅಂದ್ಕೊಳ್ಳಿ, ಎಲ್ಲಾ ಸೇರಿ 125. ನಿಮ್ಮ ಬಿಲ್‌ಗಳು ವರ್ಷದ ಸರಾಸರಿ 18 ಬರೋ ಹಾಗಿದ್ರೆ ತಿಂಗಳಿಗೆ 7 ಜಾಸ್ತಿ ಕೊಡ್ತೀರಿ. ಆ 7 ಸುಮ್ನೆ ಹೋಗಲ್ಲ, ರೇಟ್ ಏರೋದ್ರ, ಬೇಸಿಗೆಯಲ್ಲಿ ಬಿಲ್ ಜಾಸ್ತಿ ಬರೋದ್ರ ಹೊಣೆ ಓನರ್ ಹೊರ್ತಾರೆ, ಅದಕ್ಕೆ ಕೊಡೋ ಬೆಲೆ ಅದು, ನನ್ನ ಪ್ರಕಾರ ಕೊಡಬಹುದಾದ ಬೆಲೆನೇ. ಆದ್ರೆ ಅದೇ 125ಕ್ಕೆ ಬಿಗಿ ಮಿತಿನೂ ಇದ್ದು, ದಾಟಿದ್ದಕ್ಕೆ ಪ್ರತಿ ಯೂನಿಟ್‌ಗೂ ದುಡ್ಡು ಅಂದ್ರೆ ಆ ಹೊಣೆ ಮತ್ತೆ ನಿಮ್ಮ ತಲೆ ಮೇಲೇ ಬಂತು, ಆಗ 7 ಜಾಸ್ತಿ ಕೊಡೋಕೆ ಕಾರಣನೇ ಉಳಿಯಲ್ಲ. ಮಿತಿ ಇದ್ರೆ ಬಾಡಿಗೆ ಇಳಿಸಿ, ಬಾಡಿಗೆ ಇಳಿಸಲ್ಲ ಅಂದ್ರೆ ಮಿತಿ ಸಡಿಲ ಮಾಡಿ, ಅಂತ ಮಾತಾಡೋಕೆ ಜಾಗ ಇರೋದು ಇಲ್ಲೇ.

ಹಾಗೇ ತಿಂಗಳ ಮಿತಿ ಬದ್ಲು ವರ್ಷದ ಮಿತಿ ಕೇಳಿ. 100 ಯೂನಿಟ್ ಮಿತಿ ಇದ್ದು ಒಂದು ತಿಂಗಳು 60, ಇನ್ನೊಂದು ತಿಂಗಳು 130 ಬಂದ್ರೆ ಎರಡೂ ಸೇರಿ 190, ಮಿತಿ ಒಳಗೇ ಇದೆ, ಆದ್ರೆ ತಿಂಗಳ ಲೆಕ್ಕದಲ್ಲಿ 30ಕ್ಕೆ ದುಡ್ಡು ಕಟ್ತೀರಿ, ಉಳಿದ 40 ಹೋಯ್ತು. ರಜೆಗೆ ಊರಿಗೆ ಹೋಗೋರಿಗೆ ಇದು ಬಹಳ ಮುಖ್ಯ.

ಇನ್ನೆರಡು ಕಡೆ ಕಣ್ಣಿಡಿ, ಇವು ಸುಲಭಕ್ಕೆ ಕಾಣಲ್ಲ. ಅಡ್ವಾನ್ಸ್ ಇಷ್ಟು ತಿಂಗಳ ಬಾಡಿಗೆ ಅಂತ ಲೆಕ್ಕ ಹಾಕೋವಾಗ 125ರ ಮೇಲೆ ಹಾಕ್ತಾರೆ, ಕರೆಂಟಿಗೂ ನೀರಿಗೂ ಅಡ್ವಾನ್ಸ್ ಕೊಟ್ಟಂಗಾಯ್ತು, 100ರ ಮೇಲೆ ಹಾಕಿ ಅಂತ ಕೇಳಿ. ವರ್ಷ ಆದ್ಮೇಲೆ ಬಾಡಿಗೆ ಏರ್ಸೋದೂ ಹಾಗೇ, 125ಕ್ಕೆ 10 ಪರ್ಸೆಂಟ್ ಅಂದ್ರೆ ಹನ್ನೆರಡೂವರೆ, 100ಕ್ಕೆ ಆದ್ರೆ ಬರೀ 10. ಅದಕ್ಕೇ ಅಗ್ರಿಮೆಂಟಲ್ಲಿ ಬಾಡಿಗೆ ಇಷ್ಟು, ಉಳಿದಿದ್ದಕ್ಕೆ ಇಷ್ಟು ಅಂತ ಎರಡು ನಂಬರ್ ಬೇರೆ ಬೇರೆ ಬರೆಸೋದು ಯಾವಾಗ್ಲೂ ಒಳ್ಳೇದು, ಕಟ್ಟೋದು ಒಟ್ಟಿಗೇ ಆದ್ರೂ ಪರವಾಗಿಲ್ಲ.

9. ಅಗ್ರಿಮೆಂಟ್

ಸಣ್ಣ ಊರಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಬಾಯಿ ಮಾತು ಸಾಕು ಅಂತಾರೆ. ಓನರ್ ಎಷ್ಟೇ ಒಳ್ಳೆಯವರಾದ್ರೂ ಬರೆಸ್ಕೊಳ್ಳಿ, ನಾಳೆ ಮನೆ ನೋಡ್ಕೊಳ್ಳೋದು ಅವರ ಮಗ ಆಗಿರಬಹುದು, ಮನೆ ಮಾರಿ ಹೊಸ ಓನರ್ ಬಂದಿರಬಹುದು, ಹೊಸಬರಿಗೆ ಹಳೇ ಮಾತು ಗೊತ್ತಿರಲ್ಲ. ಅಗ್ರಿಮೆಂಟ್ ರಿಜಿಸ್ಟರ್ ಆಗ್ಬೇಕಾ, ಅಡ್ವಾನ್ಸ್‌ಗೆ ಮಿತಿ ಇದ್ಯಾ ಅನ್ನೋದು ಒಂದೊಂದು ಕಡೆ ಒಂದೊಂದು ಕಾನೂನು, ಅಲ್ಲಿನ ವಕೀಲರನ್ನೋ ಡಾಕ್ಯುಮೆಂಟ್ ಬರೆಯೋರನ್ನೋ ಕೇಳಿ.

ಸಾಮಾನ್ಯವಾಗಿ ರೆಡಿಮೇಡ್ ಅಗ್ರಿಮೆಂಟಲ್ಲಿ ಕರೆಂಟು ನೀರಿನ ಬಿಲ್ ಬಾಡಿಗೆದಾರರೇ ಕಟ್ಟಬೇಕು ಅಂತ ಒಂದು ಸಾಲು ಪ್ರಿಂಟ್ ಆಗಿರತ್ತೆ, ಅದನ್ನ ತೆಗೆಸ್ಲೇಬೇಕು, ಇಲ್ದಿದ್ರೆ ನಿಮ್ಮ ಇಡೀ ಮಾತುಕತೆಗೆ ಬೆಲೆ ಇಲ್ಲ. ಅದರ ಜಾಗದಲ್ಲಿ ಹೀಗೆ ಬರೆಸಬಹುದು:

‘ತಿಂಗಳ ಒಟ್ಟು ಮೊತ್ತದಲ್ಲಿ ಬಾಡಿಗೆ ____, ಇತರೆ ಸೌಲಭ್ಯಗಳಿಗೆ ____ ಸೇರಿದೆ. ಸೌಲಭ್ಯಗಳೆಂದರೆ ವಿದ್ಯುತ್, ನೀರು, ಇಂಟರ್‌ನೆಟ್, ಕಸ ವಿಲೇವಾರಿ ಮತ್ತು ಮೇಂಟೆನೆನ್ಸ್. ವಿದ್ಯುತ್ ಬಳಕೆಯ ಮಿತಿ ವರ್ಷಕ್ಕೆ ____ ಯೂನಿಟ್, ಸಬ್ ಮೀಟರ್ ಸಂಖ್ಯೆ ____, ಆರಂಭದ ರೀಡಿಂಗ್ ____. ಮಿತಿ ಮೀರಿದ ಯೂನಿಟ್‌ಗಳಿಗೆ ಮಾಲೀಕರು ಸಪ್ಲೈ ಕಂಪನಿಗೆ ಕಟ್ಟುವ ದರವನ್ನೇ ಬಿಲ್ ತೋರಿಸಿ ಪಡೆಯತಕ್ಕದ್ದು. ಸಾಮಾನ್ಯ ದೀಪ ಮತ್ತು ನೀರಿನ ಮೋಟರ್ ಈ ಮೀಟರ್‌ಗೆ ಸೇರಿರುವುದಿಲ್ಲ. ಮಾಲೀಕರು ಬಿಲ್ ಪಾವತಿಸದೆ ಸಪ್ಲೈ ಕಡಿತವಾದಲ್ಲಿ ಬಾಡಿಗೆದಾರರು ಅದನ್ನು ಪಾವತಿಸಿ ಮುಂದಿನ ಬಾಡಿಗೆಯಲ್ಲಿ ಕಳೆಯಬಹುದು.’

ಕೊನೆ ಸಾಲು ಬಿಡಲೇಬೇಡಿ. ಕನೆಕ್ಷನ್ ಓನರ್ ಹೆಸರಲ್ಲಿ ಇರೋದ್ರಿಂದ ನೀವು ಬಾಡಿಗೆ ಸರಿಯಾಗಿ ಕೊಟ್ರೂ ಅವರು ಬಿಲ್ ಕಟ್ಟದೇ ಇದ್ರೆ ಫ್ಯೂಸ್ ಕೀಳೋದು ನಿಮ್ಮ ಮನೆಯದು. ಕರೆಂಟ್ ಬಿಲ್ ಮೇಲಿನ ಕನ್ಸ್ಯೂಮರ್ ನಂಬರ್ ಇಸ್ಕೊಂಡಿಟ್ಕೊಳ್ಳಿ, ಆನ್‌ಲೈನಲ್ಲಿ ಬಾಕಿ ನೋಡೋ ವ್ಯವಸ್ಥೆ ಇದ್ರೆ ತಿಂಗಳಿಗೊಮ್ಮೆ ನೋಡಬಹುದು.

ಬಿಲ್ ಯಾವುದೂ ನಿಮ್ಮ ಹೆಸರಲ್ಲಿ ಇಲ್ದೇ ಇರೋದಕ್ಕೆ ಇನ್ನೊಂದು ತೊಂದ್ರೆ ಇದೆ, ಬ್ಯಾಂಕು, ಗ್ಯಾಸ್ ಕನೆಕ್ಷನ್ನು, ಸ್ಕೂಲ್ ಅಡ್ಮಿಷನ್ನು ಅಂತ ಅಡ್ರೆಸ್ ಪ್ರೂಫ್ ಕೇಳಿದಾಗ ತೋರ್ಸೋಕೆ ಏನೂ ಇರಲ್ಲ. ಆದ್ರಿಂದ ಅಗ್ರಿಮೆಂಟಲ್ಲಿ ಫ್ಲ್ಯಾಟ್ ನಂಬರ್ ಸಮೇತ ಪೂರ್ತಿ ಅಡ್ರೆಸ್ ಇರ್ಲಿ, ಓನರ್ ಸಹಿ ಪ್ರತಿ ಪುಟದಲ್ಲೂ ಇರ್ಲಿ.

10. ಕೀ ತಗೊಳ್ಳೋ ದಿನ

ಸಾಮಾನು ಇಳಿಸೋ ಮುಂಚೆ ಮೀಟರ್ ರೀಡಿಂಗ್ ಫೋಟೋ ತೆಗೀರಿ, ಮೀಟರ್ ನಂಬರೂ ಕಾಣೋ ಹಾಗೆ. ಡಿಜಿಟಲ್ ಮೀಟರ್ ಪರದೆ ಮೇಲೆ ಡೇಟು, ವೋಲ್ಟೇಜು ಎಲ್ಲಾ ಒಂದಾದ್ಮೇಲೊಂದು ಬರ್ತಾ ಇರತ್ತೆ, ಕೆಡಬ್ಲ್ಯೂಎಚ್ (kWh, ಅಂದ್ರೆ ಯೂನಿಟ್) ಅಂತ ತೋರಿಸ್ತಿರೋ ನಂಬರೇ ಬೇಕಾಗಿರೋದು. ಚಕ್ರ ತಿರುಗೋ ಥರದ ಸಬ್ ಮೀಟರ್‌ಗಳಲ್ಲಿ ಕೊನೆಯಲ್ಲಿ ಬೇರೆ ಬಣ್ಣದ ಒಂದು ಅಂಕಿ ಇದ್ರೆ ಅದು ದಶಾಂಶದ ಅಂಕಿ, ಅದನ್ನ ಸೇರಿಸಿ ಓದಿದ್ರೆ 45 ಯೂನಿಟ್ 450 ಆಗಿಬಿಡತ್ತೆ. ಫೋಟೋನ ಓನರ್‌ಗೆ ಅವತ್ತೇ ವಾಟ್ಸಾಪ್ ಮಾಡಿ ‘ಸರ್, ಇವತ್ತಿನ ರೀಡಿಂಗ್ ಇದು’ ಅಂತ ಹಾಕಿ, ಅವರು ಓಕೆ ಅಂದ್ರೆ ಸಾಕು, ದಾಖಲೆ ಆಯ್ತು. ಗೋಡೆ, ನಲ್ಲಿ, ಸ್ವಿಚ್ಚು, ಗೀಸರ್ರು, ಎಸಿ ಎಲ್ಲದರದ್ದೂ ಒಂದು ವಿಡಿಯೋ ಮಾಡಿ ಅದನ್ನೂ ಕಳ್ಸಿ.

ಊರಿನ ಪ್ಲಂಬರ್, ಎಲೆಕ್ಟ್ರಿಷಿಯನ್ ನಂಬರ್ ಓನರ್ ಹತ್ರನೇ ಕೇಳಿ ತಗೊಳ್ಳಿ. ಸಣ್ಣ ಊರಲ್ಲಿ ಇಬ್ಬರೋ ಮೂವರೋ ಇರ್ತಾರೆ, ಓನರ್ ಹೆಸರು ಹೇಳಿದ್ರೆ ಬೇಗ ಬರ್ತಾರೆ, ಎಷ್ಟರೊಳಗಿನ ರಿಪೇರಿ ಕೇಳದೇ ಮಾಡಿಸಬಹುದು ಅಂತಾನೂ ಮಾತಾಡ್ಕೊಂಡಿರಿ.

11. ಇರೋವಾಗ

ವಾರಕ್ಕೊಂದ್ಸಲ ಮೀಟರ್ ನೋಡೋ ಅಭ್ಯಾಸ ಇಟ್ಕೊಳ್ಳಿ. ಹಿಂದಿನ ವಾರದ ರೀಡಿಂಗ್ ಕಳೆದು ಏಳರಿಂದ ಭಾಗ ಮಾಡಿದ್ರೆ ದಿನದ ಬಳಕೆ ಸಿಗತ್ತೆ, ಏನೂ ಬದಲಾಗದೇ ಅದು ಇದ್ದಕ್ಕಿದ್ದಂಗೆ ಏರಿದ್ರೆ ಗೀಸರ್ ಥರ್ಮೋಸ್ಟ್ಯಾಟ್, ಫ್ರಿಡ್ಜ್ ಬಾಗಿಲಿನ ರಬ್ಬರ್, ಮೋಟರ್ ನಿಮ್ಮ ಮೀಟರ್ ಮೇಲೆ ಇದ್ರೆ ಸೋರೋ ನಲ್ಲಿಯಿಂದ ಅದು ಪದೇ ಪದೇ ಓಡೋದು, ಈ ಕ್ರಮದಲ್ಲಿ ನೋಡಿ.

ಬಾಡಿಗೆ ಕ್ಯಾಶ್ ಕೊಟ್ರೆ ರಸೀದಿ ತಗೊಳ್ಳಿ. ಬ್ಯಾಂಕಿಂದ ಹಾಕಿದ್ರೆ ಯಾವ ತಿಂಗಳದ್ದು, ಕರೆಂಟು ನೀರು ಸೇರಿ ಅಂತ ಬರೆದು ಹಾಕಿ.

ಎಲ್ಲಾ ಸೇರಿದೆ ಅಂತ ಲೈಟು ಫ್ಯಾನು ಹಾಗೇ ಬಿಟ್ಟು ಹೋಗೋದು ಸರಿಯಲ್ಲ. ಆ ಬಿಲ್ ಓನರ್ ಜೇಬಿಂದ ಹೋಗತ್ತೆ, ಮುಂದಿನ ವರ್ಷದ ಬಾಡಿಗೆ ಆ ಬಿಲ್ ನೋಡೇ ತೀರ್ಮಾನ ಆಗೋದು, ಜೊತೆಗೆ ನಿಮ್ಮ ನಂತರ ಬರೋರಿಗೆ ಮಿತಿ ಬಿಗಿ ಆಗೋದೂ ಅದ್ರಿಂದಲೇ.

ಮಾತುಕತೆ ಕೆಟ್ಟು ಓನರ್ ಕರೆಂಟು ನೀರು ನಿಲ್ಲಿಸ್ತೀನಿ ಅಂದ್ರೆ ಹೆದರ್ಬೇಡಿ. ಬಾಡಿಗೆದಾರರನ್ನ ಖಾಲಿ ಮಾಡ್ಸೋಕೆ ಅಂತ ಸಪ್ಲೈ ಕಡಿಯೋದು ಹಲವು ಕಡೆ ಕಾನೂನಿಗೆ ವಿರುದ್ಧ. ಬೆದರಿಕೆ ಮೆಸೇಜಲ್ಲಿ ಬಂದಿದ್ರೆ ಇಟ್ಕೊಳ್ಳಿ, ನಿಮ್ಮ ಬಾಡಿಗೆ ಬಾಕಿ ಇಲ್ದಂತೆ ನೋಡ್ಕೊಳ್ಳಿ, ಆಮೇಲೆ ಅಲ್ಲಿನ ಬಾಡಿಗೆ ಪ್ರಾಧಿಕಾರಕ್ಕೋ ವಕೀಲರ ಹತ್ರಕ್ಕೋ ಹೋಗಿ.

12. ಬಿಡೋವಾಗ

ನೋಟಿಸ್ ಬರವಣಿಗೆಯಲ್ಲಿ ಕೊಡಿ, ಎಷ್ಟು ದಿನ ಮುಂಚೆ ಅಂತ ಅಗ್ರಿಮೆಂಟಲ್ಲಿ ಇರೋ ಹಾಗೆ. ತಿಂಗಳ ಮಧ್ಯೆ ಬಿಡೋದಾದ್ರೆ ದಿನದ ಲೆಕ್ಕದಲ್ಲಿ ಬಾಡಿಗೆ ಅಂತ ಮೊದಲೇ ಒಪ್ಪಿಸ್ಕೊಳ್ಳಿ, ಯೂನಿಟ್ ಮಿತಿನೂ ಅದೇ ಲೆಕ್ಕದಲ್ಲಿ ಇಳಿಯತ್ತೆ. ವರ್ಷಕ್ಕೆ 1200 ಯೂನಿಟ್ ಮಿತಿ ಇದ್ದು ಒಂಬತ್ತು ತಿಂಗಳಿಗೆ ಬಿಟ್ರೆ ನಿಮ್ಮ ಪಾಲು 900, ರೀಡಿಂಗಲ್ಲಿ 940 ಬಂದ್ರೆ 40 ಯೂನಿಟ್‌ಗೆ ಮಾತ್ರ ಕೊಡೋದು.

ಖಾಲಿ ಮಾಡೋ ದಿನ ಓನರ್ ಜೊತೆ ನಿಂತೇ ಕೊನೇ ರೀಡಿಂಗ್ ಫೋಟೋ ತೆಗೀರಿ, ಸೇರಿದ ದಿನದ ವಿಡಿಯೋ ಪಕ್ಕಕ್ಕಿಟ್ಕೊಂಡು ರೂಮ್ ರೂಮ್ ನೋಡಿ, ಕಳೆಯೋದು ಏನಾದ್ರೂ ಇದ್ರೆ ಅಲ್ಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ‘ಕೊನೇ ತಿಂಗಳ ಬಿಲ್ ಬಂದ್ಮೇಲೆ ಅಡ್ವಾನ್ಸ್ ಕೊಡ್ತೀನಿ’ ಅಂತ ಹೇಳೋದು ಮಾಮೂಲು, ಅದಕ್ಕೆ ಪೂರ್ತಿ ಅಡ್ವಾನ್ಸ್ ಹಿಡ್ಕೊಳ್ಳೋ ಅಗತ್ಯ ಇಲ್ಲ. ಹಿಂದಿನ ಎರಡು ಬಿಲ್ ನೋಡಿ ಅಷ್ಟನ್ನ ಮಾತ್ರ ಇಟ್ಕೊಂಡು ಉಳಿದಿದ್ದನ್ನ ಅವತ್ತೇ ಹಾಕಿ ಅಂತ ಕೇಳಿ, ಇಟ್ಕೊಂಡಿದ್ದು ಯಾವ ತಾರೀಕಿನೊಳಗೆ ವಾಪಸ್ ಅಂತ ಅದೇ ಹಾಳೆಯಲ್ಲಿ ಬರೆಸಿ, ದುಡ್ಡು ಅಕೌಂಟಿಗೆ ಬಂದಿದ್ದು ನೋಡ್ಕೊಂಡು ಕೀ ಕೊಡಿ.